ಬಾಣ ಏಳನೇ ಸಾಲಿಗೆ, ತಪ್ಪು ಆರನೇ ಸಾಲಲ್ಲಿ

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಆ ದಿನ ಕಾಕಾನ ದಲಾಲಿ ಅಂಗಡಿಯಲ್ಲಿ ಲೆಕ್ಕಕ್ಕೆ ಕೂರುವುದು ನಾನು. ಮುಂಜಾನೆ ಬಂದ ಲಾಟುಗಳ ಪಟ್ಟಿ ಒಂದು ಟೆಕ್ಸ್ಟ್ ಫೈಲು, ಸಂಜೆ ತೂಕವಾದವುಗಳದ್ದು ಇನ್ನೊಂದು. ಸಾಲಿಗೊಂದು ಲಾಟು: ನಂಬರು, ಊರು, ತಳಿ ಡಬ್ಬಿಯೋ ಕಡ್ಡಿಯೋ. ಬೆರಳಿಟ್ಟು ತಾಳೆ ನೋಡಿ ಸಾಕಾಗಿ, ಕಂಪ್ಯೂಟರೇ ನೋಡಲಿ ಅಂತ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಹದಿನೈದು ಸಾಲು ಬರೆದೆ. ಓಡಲಿಲ್ಲ.

ಮೊದಲು ಬಂದದ್ದು ‘ಯೂನಿಕೋಡ್ ಎರರ್’. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳ ಸಂಕೇತಪಟ್ಟಿ; ಕನ್ನಡ ಅಕ್ಷರದ್ದೇ ತಂಟೆ ಅಂದುಕೊಂಡು ಅರ್ಧ ತಾಸು ಫೈಲನ್ನೇ ಕೆದಕಿದೆ. ಪೈಥಾನ್ ಆ ಫೈಲನ್ನು ಇನ್ನೂ ತೆರೆದೇ ಇರಲಿಲ್ಲ! ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನ ಪಾಥ್, ಅಂದರೆ ಫೈಲಿನ ವಿಳಾಸ, ಕೋಡಿನಲ್ಲಿ ಹಾಗೇ ಪೇಸ್ಟ್ ಮಾಡಿದ್ದೆ. ಬ್ಯಾಕ್‌ಸ್ಲ್ಯಾಶ್ ಆದಮೇಲೆ ದೊಡ್ಡ ‘ಯು’ ಬಂದರೆ ಅದು ಎಂಟಂಕಿಯ ಅಕ್ಷರಸಂಕೇತಕ್ಕೆ ಕಾಯುತ್ತದೆ. ಕೋಟ್‌ನ ಎಡಕ್ಕೆ ಒಂದು ‘ಆರ್’ ಹಾಕಿದೆ, ಆಗ ಆ ಗೆರೆ ಬರೀ ಗೆರೆಯಾಗಿಯೇ ಉಳಿಯುತ್ತದೆ; ಎರರ್ ಹೋಯಿತು.

ಆಮೇಲೆ ಏಳನೇ ಸಾಲಿಗೆ ‘ಇನ್‌ವ್ಯಾಲಿಡ್ ಸಿಂಟ್ಯಾಕ್ಸ್’, ಅಂದರೆ ಬರೆದ ಕ್ರಮ ತಪ್ಪು ಅಂತ ಬಾಣ ತೋರಿಸಿತು. ಎರಡನೇ ಫೈಲು ಓದುವ ಸಾಲು ಅದು. ಅಳಿಸಿ ಬರೆದೆ, ಮತ್ತೆ ಅದೇ. ಕಾಕಾ ಚಹಾದ ಕಪ್ಪು ಇಡುತ್ತ, “ಏನಪಾ, ಲೆಕ್ಕ ಕೂಡಿತೇನು?” ಅಂದ. ಸಿಟ್ಟಿಗೆ ಆ ಸಾಲನ್ನೇ ತೆಗೆದೆ; ತಪ್ಪು ಎಂಟನೇ ಸಾಲಿನದ್ದಕ್ಕೆ ಜಿಗಿಯಿತು. ಆಗ ಮೇಲೆ ನೋಡಿದೆ. ಆರನೇ ಸಾಲಲ್ಲಿ, ಪಟ್ಟಿಯನ್ನು ಗುಂಪಾಗಿಸುವ ‘ಸೆಟ್’ಗೆ ತೆರೆದ ಬ್ರಾಕೆಟ್ ಮುಚ್ಚಿರಲಿಲ್ಲ. ಮುಚ್ಚುವ ಬ್ರಾಕೆಟ್ ಹುಡುಕುತ್ತ ಪೈಥಾನ್ ಮುಂದಿನ ಸಾಲಿಗೆ ಹೋಗಿ ಎಡವುತ್ತದೆ, ಎಡವಿದಲ್ಲಿ ಬಾಣ ಇಡುತ್ತದೆ. ಪೈಥಾನಿನ 3.10ನೇ ಆವೃತ್ತಿಯಿಂದ ‘ಬ್ರಾಕೆಟ್ ಮುಚ್ಚಿಲ್ಲ’ ಅಂತ ಸರಿಯಾದ ಜಾಗ ತೋರಿಸಿ ಹೇಳುತ್ತದೆ. ಅಂಗಡಿಯಲ್ಲಿರುವುದು ವಿಂಡೋಸ್ 7, ಅದರಲ್ಲಿ 3.8ರ ಮುಂದಿನದು ಏರುವುದಿಲ್ಲ. ಸಮವೇ ಅಂತ ಕೇಳುವ ‘ಇಫ್’ ಸಾಲಲ್ಲಿ ಎರಡು ಸಮಚಿಹ್ನೆಯ ಬದಲು ಒಂದೇ ಹಾಕಿದ್ದೆ, ಅದು ಬಿಡಿ, ಎಲ್ಲರೂ ಮಾಡುವುದೇ.

ಕಡೆಗೆ ಓಡಿತು. ಆದರೆ ಮೋಟೆಬೆನ್ನೂರಿನ ಲಾಟುಗಳೆಲ್ಲ ತಾಳೆಯಾಗುವುದಿಲ್ಲ ಅಂತ ಬಂತು. ಎರಡೂ ಪಟ್ಟಿಯಲ್ಲಿ ಇದ್ದವು, ನೋಡಲು ಒಂದೇ ಥರ. ಊರಿನ ಹೆಸರಿಗೆ, ಅಕ್ಷರಸಂಕೇತ ಎಣಿಸುವ ‘ಲೆನ್’ ಹಾಕಿದೆ: ಒಂದರಲ್ಲಿ 12, ಇನ್ನೊಂದರಲ್ಲಿ 14. ‘ಮೋ’ದ ಓತ್ವ ಒಂದರಲ್ಲಿ ಇಡಿಯಾಗಿ ಒಂದೇ ಸಂಕೇತ, ಮತ್ತೊಂದರಲ್ಲಿ ಮೂರು ತುಂಡು. ಎರಡೂ ಫೈಲನ್ನು ಓದಿದ ಕೂಡಲೇ ‘ಯೂನಿಕೋಡ್‌ಡೇಟಾ’ದ ‘ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ ಕೊಟ್ಟು ದಾಟಿಸಿದೆ; ಅದು ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುತ್ತದೆ.

ಉಳಿದದ್ದು ಒಂದೇ ಲಾಟು. ಮತ್ತೆ ನನ್ನದೇ ತಪ್ಪಿರಬೇಕು ಅಂತ ಕೋಡ್ ಕಡೆ ತಿರುಗುವಷ್ಟರಲ್ಲಿ ಕಾಕಾ ಹಿಂದಿನ ಗೋದಾಮಿನಿಂದ ಕೂಗಿದ: “ಇಲ್ಲೇ ಐತಿ ನೋಡಪಾ, ನಾಲ್ಕು ಚೀಲ, ತೂಕಕ್ಕ ಹೋಗೇ ಇಲ್ಲ.”