ಕ್ಯಾಂಡಿಡಾ ಆರಿಸ್ ಅನುಮಾನ ಬಂದರೆ ಲ್ಯಾಬ್‌ನವರು ಏನು ಮಾಡಬೇಕು?

ಕ್ಯಾಂಡಿಡಾ ಆರಿಸ್ ಅಂದರೆ ಔಷಧಿಗಳಿಗೆ ಸುಲಭವಾಗಿ ಬಗ್ಗದ ಒಂದು ಯೀಸ್ಟ್, ಅಂದರೆ ಶಿಲೀಂಧ್ರ. ರಕ್ತದ ಕಲ್ಚರ್‌ನಲ್ಲಿ ಯೀಸ್ಟ್ ಬಂದು, ಮಷಿನ್ ಅದನ್ನು ಅದರ ಹತ್ತಿರದ ಸಂಬಂಧಿ ಕ್ಯಾಂಡಿಡಾ ಹೆಮ್ಯುಲೋನಿಐ ಅಂತ ತೋರಿಸಿದರೆ ಸುಮ್ನೆ ನಂಬಬೇಡಿ. ಆರಿಸ್ ಎಷ್ಟೋ ಸಲ ಆ ಹೆಸರಲ್ಲೇ ತಪ್ಪಿಸಿಕೊಳ್ಳುತ್ತದೆ. ಪ್ರೋಟೀನ್ ಗುರುತಿನಿಂದ ಸೂಕ್ಷ್ಮಜೀವಿಯನ್ನು ಪತ್ತೆಹಚ್ಚುವ ಮಾಲ್ಡಿ-ಟಾಫ್‌ನಲ್ಲಿ ಖಚಿತ ಮಾಡಿಕೊಳ್ಳಿ. ಆ ಸೌಲಭ್ಯ ಇಲ್ಲದಿದ್ದರೆ ಚಂಡೀಗಢದ ಪಿಜಿಐನಂಥ ರೆಫರೆನ್ಸ್ ಲ್ಯಾಬ್‌ಗೆ ಕಳಿಸಿ: ಅಗಾರ್ ಸ್ಲಾಂಟ್ (ಯೀಸ್ಟ್ ಬೆಳೆಸುವ ಓರೆ ಮಾಧ್ಯಮದ ಕೊಳವೆ), ಬಿಗಿ ಮುಚ್ಚಳ, ಮೂರು ಪದರದ ಪ್ಯಾಕಿಂಗ್. ವಿದೇಶಕ್ಕಾದರೆ ಅನುಮತಿ ಮೊದಲು.

ಜಾಸ್ತಿ ಗಮನ ಬೇಕಿರುವುದು ವರದಿಯಲ್ಲಿ. ಶಿಲೀಂಧ್ರನಾಶಕ ಔಷಧಿ ಫ್ಲುಕೋನಜೋಲ್‌ಗೆ ಬಗ್ಗುವುದಿಲ್ಲ ಅಂತ ಬರೆದರೆ ಸಾಲದು, ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ ಪ್ರಮಾಣ) ಅಂಕಿಯನ್ನೇ ಕೊಡಿ, ಯಾವ ವಿಧಾನ ಅಂತಲೂ ಹೇಳಿ, ಯಾಕೆಂದರೆ ಅಮೆರಿಕದ ಸಿಎಲ್‌ಎಸ್‌ಐ, ಯುರೋಪಿನ ಯೂಕಾಸ್ಟ್ ಎಂಬ ಪರೀಕ್ಷಾ ಮಾನದಂಡ ಸಂಸ್ಥೆಗಳೆರಡರ ಅಳತೆಗೋಲೂ ಬೇರೆ ಅಲ್ವಾ. ಊರು, ತಿಂಗಳು ಸೇರಿಸಿ. ರೋಗಿಯ ಹೆಸರು ಬೇಡ. ಮೂಲ ಕಲ್ಚರನ್ನು ಮೈನಸ್ 80 ಡಿಗ್ರಿಯಲ್ಲಿ ಉಳಿಸಿಕೊಳ್ಳಿ. ಆಮೇಲೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ: ಭಾರತ, ಪಾಕಿಸ್ತಾನ, ದಕ್ಷಿಣ ಆಫ್ರಿಕಾ, ವೆನೆಜುವೆಲಾದ ಮಾದರಿಗಳ ಜೀನೋಮ್ (ಪೂರ್ತಿ ಡಿಎನ್ಎ) ಒಟ್ಟಿಗೆ ನೋಡಿದಾಗಲೇ ಆರಿಸ್ ಹಲವು ಕಡೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತಲೆಯೆತ್ತಿದ್ದು ಗೊತ್ತಾಗಿದ್ದು.