ಹಳೆ ಬಂದರಿನ ಓಣಿಗೆ ಜನ ಬರುವಂತಾದದ್ದು: ನನ್ನ ಅನುಭವ

"ಬಂದರಿಗೆ ಟೂರಿಸ್ಟಾ? ಅಲ್ಲಿ ಲಾರಿ, ಒಣಮೀನು ಬಿಟ್ರೆ ಏನುಂಟು ಮಾರಾಯ್ರೆ?" ಮಂಗಳೂರಿನಲ್ಲಿ ಹೀಗೆ ಕೇಳದವರೇ ಇರಲಿಲ್ಲ. ಈಗ ಅದೇ ಜನ ನಾವು ಹಳೆ ಬಂದರು ತೋರಿಸಲು ನಡೆಸುವ ಭಾನುವಾರದ ನಡಿಗೆಗೆ ತಮ್ಮ ನೆಂಟರನ್ನು ಕಳಿಸುತ್ತಾರೆ, ಅದೂ ರಿಯಾಯಿತಿ ಕೇಳಿ.

ಶುರುವಿನಲ್ಲಿ ಅಂಗಡಿಯವರು, ಕಟ್ಟಡದ ಮಾಲೀಕರು, ಒಂದು ಸರಕಾರಿ ಕಚೇರಿ ಸೇರಿ ಓಣಿಗೆ ಜನ ಬರುವಂತೆ ಮಾಡಲು ಒಪ್ಪಂದ ಮಾಡಿಕೊಂಡಿದ್ದೆವು. ವರ್ಷಗಟ್ಟಲೆ ಬರೀ ಮೀಟಿಂಗು. ಕಚೇರಿಯಲ್ಲಿ ಸಾಹೇಬರು ಬದಲಾದಾಗಲೆಲ್ಲ ಫೈಲು ಮತ್ತೆ ಮೊದಲಿನಿಂದ. ಲಕ್ಷದ ಹತ್ತಿರ ಸುರಿದು ನಿಲ್ಲಿಸಿದ ಬೋರ್ಡುಗಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು. ಒಂದಕ್ಕಂತೂ ಲಾರಿಯೇ ಗುದ್ದಿತು.

ಅನುದಾನದ ಆಸೆ ಬಿಟ್ಟ ಮೇಲೆಯೇ ಕೆಲಸ ಆದದ್ದು. ಅಂಗಡಿಗೆ ತಿಂಗಳಿಗೆ ಐನೂರು ಚಂದಾ, ಹದಿನೈದಿಪ್ಪತ್ತು ಅಂಗಡಿ. ಲೆಕ್ಕದ ಹಾಳೆ ಚಾ ಅಂಗಡಿಯ ಗೋಡೆ ಮೇಲೆ. ಯಾರು ಕೊಟ್ಟರು, ಯಾರದು ಬಾಕಿ, ಎಲ್ಲರಿಗೂ ಕಾಣುತ್ತದೆ. ವಸೂಲಿಗೆ ಸುತ್ತುವ ಕೆಲಸವೇ ಇಲ್ಲ. ಮೊದಲು ಮುಂಭಾಗಕ್ಕೆ ಬಣ್ಣ ಹೊಡೆಸೋಣ ಎಂದರು ಮಾಲೀಕರು. ನಾನು ಬಿಡಲಿಲ್ಲ, ಶೌಚಾಲಯ ಕಟ್ಟಿಸಿದೆ. ಎಂಬತ್ತು ಸಾವಿರ ಚಿಲ್ಲರೆ ಆಗಿರಬೇಕು. ಹಮಾಲಿಗಳಿಗೂ ಅದರಿಂದ ಉಪಕಾರವಾಯಿತು, ಅಲ್ಲಿಂದ ಓಣಿಯಲ್ಲಿ ನಮಗೆ ಅಡ್ಡ ಬಂದವರಿಲ್ಲ. ಭಾನುವಾರ ಬೆಳಿಗ್ಗೆ ಲಾರಿಗಳನ್ನು ಹೇಗೆ ದೂರ ಇಟ್ಟೆವು ಅಂತ ಮಾತ್ರ ಕೇಳಬೇಡಿ.

ಗೋದಾಮಿನ ಗೋಡೆಯದ್ದು ಬೇರೆಯೇ ಕತೆ. ಮುರಕಲ್ಲಿಗೆ ಯಾರೋ ಸಿಮೆಂಟ್ ಮೆತ್ತಿದ್ದರು. ಕಲ್ಲು ಕುಡಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಪ್ರತಿ ಮಳೆಗೆ ಸಿಮೆಂಟು ಉಬ್ಬಿ ಹಪ್ಪಳದ ಹಾಗೆ ಉದುರುತ್ತಿತ್ತು. ಎಲ್ಲ ಕೆರೆಸಿ ಸುಣ್ಣದ ಗಾರೆ ಹಾಕಿಸಿದೆವು. "ಇದು ನಿಲ್ಲೂದಿಲ್ಲ" ಎಂದಿದ್ದರು ಮೇಸ್ತ್ರಿ. ಎರಡು ಮಳೆಗಾಲ ಕಳೆಯಿತು, ಒಂದು ಚಕ್ಕೆಯೂ ಎದ್ದಿಲ್ಲ. ಸುಣ್ಣಕ್ಕೆ ಜೊತೆಗೆ ಏನು ಬೆರೆಸಿದೆವು ಎನ್ನುವುದು ನಮ್ಮಲ್ಲೇ ಇರಲಿ.

ಮಾಡಿನಿಂದ ಇಳಿಸಿದ ಹಂಚುಗಳಲ್ಲಿ ಕೆಲವಕ್ಕೆ 1865 ಅಂತ ಅಚ್ಚು ಇತ್ತು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಒಡೆದ ಹಂಚಿಗೆ ಚಿತ್ರ ಬರೆಸಿ ಮಾರಲು ನೋಡಿದೆ. ಹತ್ತೋ ಹನ್ನೆರಡೋ ಹೋದವು, ಉಳಿದದ್ದು ಅಟ್ಟದಲ್ಲಿದೆ. ಅದಕ್ಕಿಂತ ಪುನರ್ಪುಳಿ ಶರಬತ್ತಿನಲ್ಲಿ ಜಾಸ್ತಿ ಸಿಕ್ಕಿತು. ಜನ ನಿಂತು ಫೋಟೋ ತೆಗೆಯುವುದು ಮಾತ್ರ ಆ ಅಚ್ಚಿನದ್ದೇ.

ನಡಿಗೆಯಲ್ಲಿ ತೋರಿಸುವುದು ಇಷ್ಟು: ಝೀನತ್ ಬಕ್ಷ್ ಜುಮಾ ಮಸೀದಿಯ ಕೆತ್ತನೆಯ ಮರದ ಕಂಬಗಳು, ದೋಣಿಗಳು ನಿಲ್ಲುವ ದಕ್ಕೆ, ಕೊನೆಗೆ ರಥಬೀದಿ. ಎರಡೂವರೆ ಗಂಟೆ ಸಾಕು. ತಲೆಗೆ ಮುನ್ನೂರು. ಅದರಲ್ಲಿ ನೂರು ನಡೆಸಿಕೊಂಡು ಹೋಗುವ ಹುಡುಗರಿಗೆ, ಐವತ್ತು ಚಾ-ತಿಂಡಿಗೆ, ಉಳಿದದ್ದು ರಿಪೇರಿಗೆ. ಸೀಸನ್ನಿನಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಉಳಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಸೊನ್ನೆ.

ಈ ಮಳೆ ಬಿಟ್ಟ ಮೇಲೆ ಮೂಲೆಯ ಗೋದಾಮಿನ ಮಾಡು ಬಿಚ್ಚಬೇಕು. ಮಾಲೀಕರು ಮೂವರು ಅಣ್ಣತಮ್ಮಂದಿರು. ಇಬ್ಬರ ಸಹಿ ಆಗಿದೆ, ಮೂರನೆಯವರು ದುಬೈಯಿಂದ ಬರಬೇಕು.