ಸೂಪರ್‌ಹೀರೋ ಸಿನಿಮಾ ತೋರಿಸಿ ಮಕ್ಕಳಿಂದ ಅರ್ಥ ಹೇಳಿಸುವುದು ಹೇಗೆ

ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಳೆಗಾಲ ಬಂದರೆ ತಾಳಮದ್ದಳೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಅರ್ಥ ಹೇಳಲು ಹೋಗುತ್ತೇನೆ. ಅರ್ಥ ಹೇಳುವುದೆಂದರೆ ಪಾತ್ರವೇ ಆಗಿ ಅಲ್ಲೇ ಮಾತು ಕಟ್ಟಿ ಆಡುವುದು. ಈ ಎರಡೂ ಸೇರಿ ನನಗೆ ಒಂದು ದಾರಿ ಸಿಕ್ಕಿದೆ. ಸೂಪರ್‌ಹೀರೋ ಸಿನಿಮಾದ ಒಂದು ದೃಶ್ಯ ತೋರಿಸಿ, ಅರ್ಧಕ್ಕೆ ನಿಲ್ಲಿಸಿ, ಮಕ್ಕಳನ್ನು ಎದುರುಬದುರು ಕೂರಿಸಿ ಪಾತ್ರಗಳ ಅರ್ಥ ಹೇಳಿಸುವುದು. ನೀವು ಮೇಷ್ಟ್ರೇ ಆಗಿರಬೇಕೆಂದಿಲ್ಲ. ರಜೆಗೆ ಬಂದ ಅಣ್ಣನ ಮಕ್ಕಳು, ತಂಗಿಯ ಮಕ್ಕಳು ನಾಲ್ಕು ಜನ ಇದ್ದರೂ ಸಾಕು.

ಇಡೀ ಸಿನಿಮಾ ತೋರಿಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಎರಡೂವರೆ ಗಂಟೆ ಕರೆಂಟ್ ಇರುತ್ತದೆಂದು ನಂಬುವ ಹಾಗೂ ಇಲ್ಲ. ಹತ್ತು ನಿಮಿಷದ ಒಂದು ತುಂಡು ಸಾಕು. ಮೊದಲೇ ಡೌನ್‌ಲೋಡ್ ಮಾಡಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಡಿ. ದೃಶ್ಯ ಆರಿಸುವಾಗ ಒಂದನ್ನೇ ನೋಡಿ: ಅಲ್ಲಿ ಯಾರಾದರೂ ಏನನ್ನಾದರೂ ಕಳೆದುಕೊಳ್ಳದೆ ಮುಂದೆ ಹೋಗಲು ಆಗಲೇಬಾರದು. ಕೆಟ್ಟವನಿಗೆ ನಾಲ್ಕು ಬಾರಿಸಿದರೆ ಮುಗಿಯುವ ದೃಶ್ಯದಲ್ಲಿ ಮಾತಾಡಲು ಏನೂ ಸಿಗುವುದಿಲ್ಲ.

ನಾನು ಯಾವಾಗಲೂ ಶುರು ಮಾಡುವುದು 2008ರ ಬ್ಯಾಟ್‌ಮ್ಯಾನ್ ಸಿನಿಮಾ ‘ದಿ ಡಾರ್ಕ್ ನೈಟ್’ನ ಎರಡು ದೋಣಿಗಳಿಂದ. ಒಂದು ದೊಡ್ಡ ದೋಣಿಯಲ್ಲಿ ಊರಿನ ಜನ, ಇನ್ನೊಂದರಲ್ಲಿ ಜೈಲಿನ ಕೈದಿಗಳು. ಖಳನಾಯಕ ಜೋಕರ್ ಎರಡರಲ್ಲೂ ಬಾಂಬ್ ಇಟ್ಟಿದ್ದಾನೆ. ಈ ದೋಣಿಯನ್ನು ಸಿಡಿಸುವ ಗುಂಡಿ ಆ ದೋಣಿಯವರ ಕೈಯಲ್ಲಿ, ಆ ದೋಣಿಯದ್ದು ಇವರ ಕೈಯಲ್ಲಿ. ನಡುರಾತ್ರಿಯೊಳಗೆ ಯಾರೂ ಒತ್ತದಿದ್ದರೆ ಎರಡನ್ನೂ ತಾನೇ ಸಿಡಿಸುತ್ತೇನೆ ಎನ್ನುತ್ತಾನೆ. ಊರಿನ ಜನ ಚೀಟಿ ಬರೆದು ಮತ ಹಾಕುತ್ತಾರೆ. ಕೈದಿಗಳ ದೋಣಿಯನ್ನು ಸಿಡಿಸೋಣ ಎನ್ನುವವರೇ ಜಾಸ್ತಿ.

ಇಲ್ಲಿ ನಿಲ್ಲಿಸಿ. ಮಕ್ಕಳು ಕೂಗಾಡುತ್ತಾರೆ, "ಸರ್, ಮುಂದೆ ಹಾಕಿ" ಎಂದು ಪೀಡಿಸುತ್ತಾರೆ. ಹಾಕಬೇಡಿ. ಸಿನಿಮಾದ ಉತ್ತರ ಗೊತ್ತಾದ ಮೇಲೆ ಯಾರೂ ತಮ್ಮ ಉತ್ತರ ಹುಡುಕುವುದಿಲ್ಲ. ಮೊದಲೇ ಸಿನಿಮಾ ನೋಡಿದವರು ಇದ್ದೇ ಇರುತ್ತಾರೆ. ಅವರನ್ನು ಪಕ್ಕಕ್ಕೆ ಕರೆದು, ಬಾಯಿ ಬಿಡಬಾರದು ಎಂದು ಮಾತು ತೆಗೆದುಕೊಳ್ಳಿ. (ಒಂಬತ್ತನೇ ಕ್ಲಾಸಿಗಿಂತ ಚಿಕ್ಕವರಿಗೆ ಈ ಸಿನಿಮಾ ಬೇಡ. ಜೋಕರ್‌ನ ಹಿಂಸೆ ಅವರಿಗೆ ಭಾರವಾಗುತ್ತದೆ.)

ಈಗ ಜಮಖಾನ ಹಾಸಿ, ಎರಡು ಕಡೆ ಕೂರಿಸಿ. ಒಬ್ಬಳು ದೋಣಿಯಲ್ಲಿರುವ ಮಗುವಿನ ತಾಯಿ. ಒಬ್ಬ ಕೈದಿ. ಒಬ್ಬ ಗುಂಡಿ ಹಿಡಿದು ನಿಂತ ಅಧಿಕಾರಿ. ಒಬ್ಬಳು ಮತದ ಚೀಟಿ ಎಣಿಸಿದವಳು. ನಿಯಮ ಒಂದೇ: ಎಲ್ಲರೂ ‘ನಾನು’ ಎಂದೇ ಮಾತಾಡಬೇಕು. "ಅವನು ಹೀಗೆ ಮಾಡಬೇಕಿತ್ತು" ಎಂದ ಕೂಡಲೇ ತಡೆಯಿರಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು ಮತ್ತು ಹಿಮ್ಮೇಳ ಬಿಟ್ಟರೆ ಇರುವುದು ಮಾತು. ವಾಲಿವಧೆ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನೇ ಕೇಳುತ್ತಾನೆ. ಒಳ್ಳೆಯ ವಾಲಿ ಕೂತಿದ್ದರೆ ರಾಮನ ಅರ್ಥಧಾರಿ ಬೆವರುತ್ತಾನೆ. ಸಭೆಯಲ್ಲಿ ಯಾರೂ "ರಾಮ ದೇವರಲ್ವಾ, ಸುಮ್ನಿರು" ಎನ್ನುವುದಿಲ್ಲ. ನಮ್ಮ ಅಜ್ಜ ಅಜ್ಜಿ ದೇವರಿಗೇ ಇಷ್ಟು ಗಟ್ಟಿ ಪ್ರಶ್ನೆ ಕೇಳುವುದನ್ನು ಬೆಳಗಿನವರೆಗೆ ಕೂತು ಕೇಳಿದವರು. ಬ್ಯಾಟ್‌ಮ್ಯಾನ್‌ಗೆ ಕೇಳಲು ಮಕ್ಕಳು ಯಾಕೆ ಹೆದರಬೇಕು?

ಮೊದಮೊದಲು ಮಾತು ತೊದಲುತ್ತದೆ. ಆಗ ನೀವು ಹಾಡಿ ಪ್ರಸಂಗ ನಡೆಸುವ ಭಾಗವತರ ಜಾಗದಲ್ಲಿ ಕೂತು ಮಾತು ಎತ್ತಿಕೊಡಬೇಕು. ನಾನು ಕೇಳುವ ಪ್ರಶ್ನೆಗಳು ಎರಡು. ನೀನು ಹೀಗೆ ಮಾಡಿದರೆ ಅದರ ಬೆಲೆ ಯಾರು ಕೊಡುತ್ತಾರೆ? ಅವರನ್ನು ನೀನು ಕೇಳಿದೆಯಾ? ಯಾರು ಸರಿ, ಯಾರು ತಪ್ಪು ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಮಕ್ಕಳು ಪರೀಕ್ಷೆಯ ಉತ್ತರ ಕೊಟ್ಟು ಕೂರುತ್ತಾರೆ.

"ಮತ ಹಾಕಿಯಾಗಿದೆ, ಜಾಸ್ತಿ ಜನ ಹೇಳಿದ್ದೇ ಸರಿ" ಎಂದು ಒಬ್ಬರಾದರೂ ಹೇಳುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆ ಚೀಟಿ ಎತ್ತಿಕೊಂಡು ಹೋಗಿ ಕೈದಿಯ ಪಾತ್ರದವನ ಎದುರು ಕೂತು ಓದಲು ಹೇಳಿ. ಅವನ ಹತ್ತಿರ ಮತ ಕೇಳಿದವರು ಯಾರೂ ಇಲ್ಲ. ಚೀಟಿ ಬರೆಯುವಾಗ ಸುಲಭವಾಗಿದ್ದ ಮಾತು ಮುಖ ನೋಡಿ ಹೇಳುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಾತು ಸಾಕಷ್ಟು ಆದ ಮೇಲೆ ಉಳಿದ ಭಾಗ ಹಾಕಿ. ಮತ ಹಾಕಿದ ಜನರಲ್ಲಿ ಒಬ್ಬ ಗುಂಡಿಯನ್ನು ಕೈಗೆ ತೆಗೆದುಕೊಳ್ಳುತ್ತಾನೆ, ಆದರೆ ಒತ್ತಲು ಆಗುವುದಿಲ್ಲ. ಆ ಕಡೆ ದೊಡ್ಡ ಮೈಯ ಒಬ್ಬ ಕೈದಿ ಅಧಿಕಾರಿಯಿಂದ ಗುಂಡಿ ಇಸಿದುಕೊಂಡು ಕಿಟಕಿಯಿಂದ ನೀರಿಗೆ ಎಸೆದುಬಿಡುತ್ತಾನೆ. ಅವನಿಗೆ ಸಿನಿಮಾದಲ್ಲಿ ಒಂದು ಹೆಸರೂ ಇಲ್ಲ. ಮುಖವಾಡ ಇಲ್ಲ, ಹಾರಲು ಬರುವುದಿಲ್ಲ. ತನ್ನ ಜೀವ ಉಳಿಸಬಹುದಾಗಿದ್ದ ವಸ್ತುವನ್ನು ತಾನೇ ಎಸೆದ. ಆ ಸಿನಿಮಾದ ದೊಡ್ಡ ವೀರ ಅವನೇ ಎಂದು ನಾನು ನಂಬಿದ್ದೇನೆ, ಮಕ್ಕಳಿಗೂ ಹಾಗೇ ಹೇಳುತ್ತೇನೆ. ಒಪ್ಪದವರು ವಾದ ಮಾಡಲಿ.

ಅದೇ ಸಿನಿಮಾದಲ್ಲಿ ಇನ್ನೊಂದು ತುಂಡು ಇದೆ. ಜೋಕರ್‌ನನ್ನು ಹುಡುಕಲು ಬ್ಯಾಟ್‌ಮ್ಯಾನ್ ಇಡೀ ಊರಿನ ಮೊಬೈಲುಗಳನ್ನು ಕದ್ದು ಕೇಳುವ ಯಂತ್ರ ಮಾಡುತ್ತಾನೆ. ಅವನ ಜೊತೆಗಾರ ಲೂಶಿಯಸ್ ಫಾಕ್ಸ್ ಇದು ತಪ್ಪು ಎನ್ನುತ್ತಾನೆ. ಈ ಸಲ ಸಹಾಯ ಮಾಡುತ್ತೇನೆ, ಆದರೆ ಈ ಯಂತ್ರ ಇರುವವರೆಗೆ ನಾನು ಇಲ್ಲಿ ಇರುವುದಿಲ್ಲ ಎನ್ನುತ್ತಾನೆ. ಜೀವ ಉಳಿಸಲು ಅಲ್ವಾ, ಪರವಾಗಿಲ್ಲ ಎಂದು ಹೆಚ್ಚಿನ ಮಕ್ಕಳು ಹೇಳುತ್ತಾರೆ. ಆಗ "ಸರಿ, ಮನೆಯಲ್ಲಿರುವ ಫೋನಿನ ಲಾಕ್ ತೆಗೆದು ನನ್ನ ಕೈಗೆ ಕೊಡ್ತೀಯಾ?" ಎಂದು ಕೇಳಿ. ಕೊಟ್ಟರೂ ಇಸಿದುಕೊಳ್ಳಬೇಡಿ. ಚರ್ಚೆ ಅಲ್ಲಿಂದ ಬೇರೆ ದಾರಿ ಹಿಡಿಯುತ್ತದೆ.

ಖಳನಾಯಕನ ಅರ್ಥ ಹೇಳಿಸಲು 2021ರ ಮಲಯಾಳಂ ಸಿನಿಮಾ ‘ಮಿನ್ನಲ್ ಮುರಳಿ’ ಬಹಳ ಒಳ್ಳೆಯದು. ಕನ್ನಡದಲ್ಲೂ ಇದೆ. ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಹೊಡೆಯುತ್ತದೆ. ಜೈಸನ್ ಎಂಬ ಟೈಲರ್, ಚಹಾ ಅಂಗಡಿಯಲ್ಲಿ ಕೆಲಸ ಮಾಡುವ ಶಿಬು. ಇಬ್ಬರಿಗೂ ಶಕ್ತಿ ಬರುತ್ತದೆ. ಶಿಬು ತಾನು ಪ್ರೀತಿಸುವ ಉಷಾಳ ಮಗಳ ಚಿಕಿತ್ಸೆಗಾಗಿ ಬ್ಯಾಂಕ್ ದರೋಡೆ ಮಾಡುತ್ತಾನೆ. ಊರು ಅವನನ್ನು ಮನುಷ್ಯ ಎಂದೇ ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಉಷಾಳನ್ನೂ ಕಳೆದುಕೊಂಡ ಮೇಲೆ ಇಡೀ ಊರಿನ ಮೇಲೆ ತಿರುಗಿಬೀಳುತ್ತಾನೆ. ಶಿಬುವಿನ ಪಾತ್ರವನ್ನು ಕ್ಲಾಸಿನಲ್ಲಿ ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗನಿಗೆ ಕೊಡಿ, ಅವನಿಗೆ ಇಷ್ಟವಿದ್ದರೆ ಮಾತ್ರ. ಆಮೇಲೆ ಊರಿನವರ ಪಾತ್ರದವರು ಅವನಿಗೆ ಉತ್ತರ ಕೊಡಬೇಕು. ಶಿಬು ಮಾಡಿದ್ದು ಸರಿ ಎಂದು ಸಾಧಿಸುವ ಅಗತ್ಯ ಇಲ್ಲ. ಅವನ ನೋವಿನ ಬೆಲೆಯನ್ನು ಏನೂ ಮಾಡದ ಮಕ್ಕಳು, ಮುದುಕರು ಕೊಡಬೇಕಾ ಎಂದು ಕೇಳಿ.

ಸಾಧ್ಯವಾದರೆ ಮಕ್ಕಳಿಗೆ ವೀರಗಲ್ಲು ತೋರಿಸಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಆವರಣದಲ್ಲಿ ಇವೆ, ಬಳ್ಳಿಗಾವಿಯ ಕಡೆಯೂ ಇವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಎಷ್ಟೋ ಕಲ್ಲುಗಳು ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಕಾದಿ ಸತ್ತವರದ್ದು. ಸತ್ತ ವೀರನ ಹೆಂಡತಿ ಮಕ್ಕಳು ಕಲ್ಲಿನ ಯಾವ ಸಾಲಿನಲ್ಲಿದ್ದಾರೆ ಎಂದು ಹುಡುಕಲು ಹೇಳಿ.

ಕೊನೆಗೆ ಬರುವುದು ನಮ್ಮೂರಿನ ವಿಷಯ. ಇದನ್ನು ಮೊದಲೇ ತೆಗೆಯಬೇಡಿ, ಮಕ್ಕಳು ಮಾತಾಡಿ ಪಳಗಿರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನಾಡಿಗೆ ಬೆಳಕು ಬಂತು. ಶರಾವತಿ ಕಣಿವೆಯ ಊರುಗಳು, ಗದ್ದೆ, ತೋಟ ಮುಳುಗಿದವು. ನನ್ನ ಕ್ಲಾಸಿನಲ್ಲಿ ಮುಳುಗಡೆಯಾದ ಮನೆಗಳ ಮೊಮ್ಮಕ್ಕಳು ಕೂತಿರುತ್ತಾರೆ. ದೋಣಿಯ ದೃಶ್ಯದಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೇ ಇಲ್ಲೂ ಕೇಳುತ್ತೇನೆ. ಆದರೆ ಇಲ್ಲಿ ಪಾತ್ರ ಹಂಚುವುದಿಲ್ಲ, ಮತಕ್ಕೂ ಹಾಕುವುದಿಲ್ಲ. ಒಬ್ಬರ ಮನೆಯ ದುಃಖವನ್ನು ಇನ್ನೊಬ್ಬರು ಆಡಿ ತೋರಿಸುವುದು ಸರಿಯಲ್ಲ. ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳುತ್ತೇನೆ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯ ಮಾಡಬಾರದು. ತಂದದ್ದನ್ನು ಓದಲು ಇಷ್ಟವಿದ್ದವರು ಓದಲಿ, ಅಂಕ ಹಾಕಬೇಡಿ. ಆ ದಿನಕ್ಕೆ ಎರಡು ಪೀರಿಯಡ್ ಒಟ್ಟಿಗೆ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ.